ಅಂಗಿಯ ತೋಳು ಮಡಚಿ ನಿಂತಿದ್ದ ನಾಲ್ವರ ರಕ್ತವನ್ನು ಆಸ್ಪತ್ರೆಯವರು ಏಕೆ ತೆಗೆದುಕೊಳ್ಳಲಿಲ್ಲ?

ಅಡಿಕೆಮಂಡಿ

ಮೂರು ವಾರದಿಂದ ಹೊಟ್ಟೆಯೊಳಗೆ ಕುದಿಯುತ್ತಿರುವುದನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ತಿಳಿದವರು ಉತ್ತರಿಸಿ, ಬೈಯುವವರು ಬೈಯಿರಿ.

ನನ್ನ ಹೆಂಡತಿಯ ತಮ್ಮ, 31 ವರ್ಷ. ಸಂಜೆ ಮಂಡಿಯಿಂದ ಬೈಕಿನಲ್ಲಿ ಹೊರಟವನಿಗೆ ತಿರುವಿನಲ್ಲಿ ಸರಕು ಗಾಡಿಯೊಂದು ಗುದ್ದಿತು. ಎಡ ತೊಡೆಯ ಮೂಳೆ ಮುರಿದಿತ್ತು, ಹೊಟ್ಟೆಗೂ ಪೆಟ್ಟು ಬಿದ್ದಿತ್ತು. ಹಿಂದೆಯೇ ಕಾರಿನಲ್ಲಿ ಬರುತ್ತಿದ್ದ ನಾವು ನಾಲ್ವರು ಎತ್ತಿ ಹಾಕಿಕೊಂಡು 40 ನಿಮಿಷದಲ್ಲಿ ಹತ್ತಿರದ ಆಸ್ಪತ್ರೆ ಮುಟ್ಟಿಸಿದೆವು. ಆಸ್ಪತ್ರೆಯ ಹೆಸರು ಬೇಡ, ನಾಳೆ ಜ್ವರ ಬಂದರೂ ನಾವು ಅಲ್ಲಿಗೇ ಹೋಗಬೇಕು.

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ತಕ್ಷಣ ರಕ್ತ ಬೇಕು, ನಮ್ಮಲ್ಲಿ ಎರಡೇ ಚೀಲ ಇದೆ" ಎಂದರು. ಅವನದು ಬಿ ಪಾಸಿಟಿವ್. ನಮ್ಮಲ್ಲಿ ಇಬ್ಬರದು ಬಿ ಪಾಸಿಟಿವ್, ಇನ್ನಿಬ್ಬರದು ಒ ಪಾಸಿಟಿವ್. ನಾಲ್ವರೂ ಅಂಗಿಯ ತೋಳು ಮಡಚಿ ನಿಂತೆವು. ತೆಗೆದುಕೊಳ್ಳಲಿಲ್ಲ! "ಇಲ್ಲಿ ರಕ್ತ ತೆಗೆಯುವಂತಿಲ್ಲ" ಎಂದು, ಇದ್ದ ಎರಡು ಚೀಲ ಏರಿಸಿ, 70 ಕಿಲೋಮೀಟರ್ ದೂರದ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಸಾಗಹಾಕಿದರು. ಆ ಎರಡು ಚೀಲ ಕೊಡುವುದಕ್ಕೂ ಏನೋ ಪರೀಕ್ಷೆ ಎಂದು ಅರ್ಧ ಗಂಟೆ ಕಾಯಿಸಿದರು.

ಬದುಕಿದ್ದಾನೆ. ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ತೆಗೆದಿದ್ದಾರೆ, ತೊಡೆಗೆ ಸರಳು ಹಾಕಿದ್ದಾರೆ. ಆದರೆ ಆ ದಾರಿಯುದ್ದಕ್ಕೂ ತಣ್ಣಗಾಗುತ್ತಿದ್ದ ಅವನ ಕೈ ಹಿಡಿದು ಕುಳಿತವನು ನಾನು. ನಾಲ್ಕು ಮೈಗಳ ಬಿಸಿ ರಕ್ತ ಎದುರಿಗೇ ನಿಂತಿರುವಾಗ 70 ಕಿಲೋಮೀಟರ್ ಆಚೆಯ ಫ್ರಿಜ್ಜಿನ ರಕ್ತಕ್ಕೆ ಓಡಿಸುವುದು ಯಾವ ನ್ಯಾಯ?

ಘಾಟಿಚಾಲಕ

ಬದುಕಿದನಲ್ಲ, ದೇವರು ದೊಡ್ಡವನು. 22 ವರ್ಷದಿಂದ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದೇನೆ. "ಮುಂದಕ್ಕೆ ಕರೆದುಕೊಂಡು ಹೋಗಿ" ಎಂಬ ಮಾತನ್ನು ಎಷ್ಟು ಆಸ್ಪತ್ರೆಗಳ ಬಾಗಿಲಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ಒಗ್ಗರಣೆ

ಹೊಣೆ ತಪ್ಪಿಸಿಕೊಳ್ಳುವುದಕ್ಕೆ ನಿಯಮ ಎಂದು ಹೆಸರು. ಅಷ್ಟೇ.

ಲ್ಯಾಬ್‌ಕಿಟಕಿ

ಅಷ್ಟೇ ಅಲ್ಲ ಒಗ್ಗರಣೆಯವರೇ. ನಾನು ರಕ್ತನಿಧಿಯಲ್ಲಿ 19 ವರ್ಷದಿಂದ ತಂತ್ರಜ್ಞ. ಅಡಿಕೆಮಂಡಿಯವರ ಸಿಟ್ಟನ್ನು ಕಿಟಕಿಯ ಈ ಬದಿಯಲ್ಲಿ ಕುಳಿತು ನೂರಾರು ಸಲ ಉಂಡಿದ್ದೇನೆ. ಒಮ್ಮೆ ಗಾಜನ್ನೂ ಒಡೆದಿದ್ದಾರೆ.

ನೀವು ಹೋದ ಆಸ್ಪತ್ರೆಯಲ್ಲಿ ಇದ್ದದ್ದು ರಕ್ತ ಶೇಖರಣಾ ಘಟಕ. ದೊಡ್ಡ ರಕ್ತನಿಧಿಯಿಂದ ಬಂದ ಚೀಲಗಳನ್ನು 2ರಿಂದ 6 ಡಿಗ್ರಿಯಲ್ಲಿ ಇಟ್ಟು, ಬೇಕಾದಾಗ ಹೊಂದಿಸಿ ಕೊಡುವುದಷ್ಟೇ ಅದರ ಕೆಲಸ. ದಾನಿಯಿಂದ ರಕ್ತ ತೆಗೆಯುವುದಕ್ಕೆ ಬೇರೆಯೇ ಪರವಾನಗಿ ಬೇಕು. ಅದು ಸುಮ್ಮನೆ ಮಾಡಿದ ಕಾನೂನಲ್ಲ. ತೆಗೆದ ಪ್ರತಿ ಚೀಲಕ್ಕೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಸರಿಯಾಗಿ ಮಾಡಿದರೆ ಗಂಟೆಗಳೇ ಹಿಡಿಯುತ್ತವೆ. ನಿಮ್ಮ ನಾಲ್ವರ ರಕ್ತವನ್ನು ಆ ರಾತ್ರಿ ತೆಗೆದಿದ್ದರೂ ಅದು ಕೈಗೆ ಸಿಗುವ ಹೊತ್ತಿಗೆ ನಿಮ್ಮ ಭಾವಮೈದುನ ಎರಡು ಸಲ ಜಿಲ್ಲಾ ಕೇಂದ್ರ ಮುಟ್ಟಿ ವಾಪಸು ಬರಬಹುದಿತ್ತು.

ಆ ಅರ್ಧ ಗಂಟೆಯ ವಿಷಯ. ಅದು ಕ್ರಾಸ್ ಮ್ಯಾಚ್. ಗಾಯಾಳುವಿನ ರಕ್ತವನ್ನೂ ಚೀಲದ ರಕ್ತವನ್ನೂ ಕೊಳವೆಯಲ್ಲಿ ಸೇರಿಸಿ, ಜಗಳವಾಡುತ್ತವೆಯೇ ಎಂದು ನೋಡುವುದು. ಕೊಳವೆಯಲ್ಲಿ ಜಗಳವಾದರೆ ಚೀಲ ಬದಲಾಯಿಸುತ್ತೇವೆ. ಮೈಯೊಳಗೆ ಜಗಳವಾದರೆ ಮನುಷ್ಯನೇ ಹೋಗುತ್ತಾನೆ. ಗಾಬರಿಯಲ್ಲಿ ಬಂದ ಮನೆಯವರು ರಕ್ತದ ಗುಂಪನ್ನು ತಪ್ಪಾಗಿ ಹೇಳುವುದು ನಮಗೆ ದಿನನಿತ್ಯದ ಮಾತು. ಚಾಲನಾ ಪರವಾನಗಿಯ ಮೇಲೆ ಬರೆದಿರುವ ಗುಂಪನ್ನೂ ನಾವು ನಂಬುವುದಿಲ್ಲ.

ಅಡಿಕೆಮಂಡಿ

ನಮ್ಮಲ್ಲಿ ಒಬ್ಬ ಅವನ ಸ್ವಂತ ಚಿಕ್ಕಪ್ಪನ ಮಗ. ಒಂದೇ ಮನೆತನದ ರಕ್ತ. ಅದಕ್ಕೂ ಇಷ್ಟೆಲ್ಲ ಬೇಕೇ?

ಲ್ಯಾಬ್‌ಕಿಟಕಿ

ಒಂದೇ ಮನೆತನದ್ದಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿಕಣಗಳನ್ನು ರೋಗಿಯ ದೇಹ ಕೆಲವೊಮ್ಮೆ "ನಮ್ಮವರೇ" ಎಂದು ಒಳಗೆ ಬಿಟ್ಟುಕೊಂಡುಬಿಡುತ್ತದೆ. ಒಳಗೆ ಕುಳಿತ ಅವು ಆಮೇಲೆ ಮನೆಯವರ ಮೇಲೆಯೇ ತಿರುಗಿ ಬೀಳುತ್ತವೆ. ಅಪರೂಪ, ಆದರೆ ಹಾಗಾದವರು ಉಳಿಯುವುದು ಕಷ್ಟ. ಅದಕ್ಕೇ ಸಂಬಂಧಿಕರ ರಕ್ತ ಕೊಡಬೇಕಾದರೆ ಮೊದಲು ವಿಕಿರಣ ಹಾಯಿಸುತ್ತಾರೆ. ಆ ಯಂತ್ರ ತಾಲ್ಲೂಕಿನಲ್ಲಿ ಎಲ್ಲಿಂದ ಬರಬೇಕು?

ಒಗ್ಗರಣೆ

ಆಸ್ತಿ ವಿಷಯದಲ್ಲಿ ಮಾತ್ರ ಎಂದುಕೊಂಡಿದ್ದೆ.

ಘಾಟಿಚಾಲಕ

😀

ಅರಿವಳಿಕೆ

ನಾನು ಅರಿವಳಿಕೆ ವೈದ್ಯೆ. ಲ್ಯಾಬ್‌ಕಿಟಕಿಯವರು ಸ್ಥಳದಲ್ಲೇ ರಕ್ತ ತೆಗೆಯುವ ವಿಷಯದಲ್ಲಿ ಹೇಳಿದ್ದು ಸರಿ. ಆ ಅರ್ಧ ಗಂಟೆಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಕಣ್ಣೆದುರಿಗೇ ರಕ್ತ ಸೋರಿ ಸಾಯುತ್ತಿರುವವನಿಗೆ ಪೂರ್ತಿ ಕ್ರಾಸ್ ಮ್ಯಾಚ್‌ಗೆ ಕಾಯಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಮೊದಲು ಮಾದರಿ ರಕ್ತ ತೆಗೆದಿಟ್ಟುಕೊಂಡು, ಸಾಮಾನ್ಯವಾಗಿ ಎಲ್ಲ ಗುಂಪಿನವರಿಗೂ ಹೊಂದುವ ಒ ಗುಂಪಿನ ಕೆಂಪುಕಣಗಳನ್ನು ಹಾಗೆಯೇ ಏರಿಸಬೇಕು. ಹತ್ತು ನಿಮಿಷದಲ್ಲಿ ಗುಂಪು ತಿಳಿಯುತ್ತದೆ, ಆಗ ಅದೇ ಗುಂಪಿನ ರಕ್ತಕ್ಕೆ ಬದಲಾಯಿಸಬೇಕು. ಹೊಂದಾಣಿಕೆಯ ಪರೀಕ್ಷೆ ಹಿಂದಿನಿಂದ ನಡೆಯುತ್ತಿರಲಿ. ತುರ್ತು ಬಿಡುಗಡೆ ಎಂದು ಅದಕ್ಕೆ ಪ್ರತ್ಯೇಕ ಅರ್ಜಿಯೇ ಇದೆ. ಎಷ್ಟು ರಕ್ತನಿಧಿಗಳಲ್ಲಿ ಅದು ಕಪಾಟಿನ ತಳ ಸೇರಿದೆಯೋ!

ಲ್ಯಾಬ್‌ಕಿಟಕಿ

ಮೇಡಂ, ಅರ್ಜಿ ನಮ್ಮ ಮೇಜಿನ ಮೇಲೆಯೇ ಇದೆ. ಕೆಳಗೆ ಚಿಕಿತ್ಸೆ ನೀಡುವ ವೈದ್ಯರ ಸಹಿ ಬೇಕು ಎಂದು ಬರೆದಿದೆ. ಫೋನಿನಲ್ಲಿ "ಬೇಗ ಕಳಿಸಿ, ಬೇಗ ಕಳಿಸಿ" ಎನ್ನುವವರು ಕಾಗದ ಮುಂದೆ ಹಿಡಿದರೆ "ಕ್ರಾಸ್ ಮ್ಯಾಚ್ ಮುಗಿಯಲಿ" ಎನ್ನುತ್ತಾರೆ. 19 ವರ್ಷದಲ್ಲಿ ಎಷ್ಟು ಸಹಿ ಬಂದಿದೆ ಎಂದು ಬೆರಳಲ್ಲಿ ಎಣಿಸಬಲ್ಲೆ.

ಅರಿವಳಿಕೆ

ಒಪ್ಪಿದೆ. ನಮ್ಮವರಿಗೂ ಕೇಸಿನ ಭಯ. ನಾನು ಹಾಕಿದ್ದೇನೆ, ಮೂರು ಸಲ. ಮೂರನೆಯ ಸಲ ಸಹಿ ಇತ್ತು, ಚೀಲ ಇರಲಿಲ್ಲ.

ಬೇವಿನಮರ

ಇದಕ್ಕೆಲ್ಲ ಒ ನೆಗೆಟಿವ್ ಬೇಕಲ್ಲವೇ? ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತದೆ, ತುರ್ತಾಗಿ ಒ ನೆಗೆಟಿವ್ ಬೇಕಾಗಿದೆ ಎಂದು.

ಅರಿವಳಿಕೆ

ಎಲ್ಲರಿಗೂ ಬೇಕಿಲ್ಲ. ನಮ್ಮ ನಾಡಿನಲ್ಲಿ ನೂರಕ್ಕೆ ಸುಮಾರು 95 ಜನ ಪಾಸಿಟಿವ್. ಗಂಡಸರಿಗೆ ಮತ್ತು ಹೆರುವ ವಯಸ್ಸು ದಾಟಿದ ಹೆಂಗಸರಿಗೆ ತುರ್ತಿನಲ್ಲಿ ಒ ಪಾಸಿಟಿವ್ ಕೊಟ್ಟರೆ ನಡೆಯುತ್ತದೆ. ಒ ನೆಗೆಟಿವ್ ಅನ್ನು ಹೆಣ್ಣುಮಕ್ಕಳಿಗೆ, ಮುಂದೆ ಗರ್ಭಿಣಿಯಾಗಬಹುದಾದವರಿಗೆ ಎತ್ತಿಡಬೇಕು. ಅವರಲ್ಲಿ ಯಾರಾದರೂ ನೆಗೆಟಿವ್ ಇದ್ದು, ನಾವು ಪಾಸಿಟಿವ್ ಕೊಟ್ಟರೆ, ಮುಂದಿನ ಬಸಿರಿನಲ್ಲಿ ಮಗುವಿಗೆ ತೊಂದರೆಯಾಗಬಹುದು. ಐವತ್ತು ವರ್ಷದ ಗಂಡಸಿಗೆ ಒ ನೆಗೆಟಿವ್ ಹುಡುಕಿಕೊಂಡು ಎರಡು ತಾಸು ಕಳೆಯುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕರೆಗಂಟೆ

ಆ ವಾಟ್ಸ್‌ಆ್ಯಪ್ ಸಂದೇಶಗಳ ಬಗ್ಗೆ ನನ್ನನ್ನು ಕೇಳಿ. ರಕ್ತದಾನಿಗಳ ಒಂದು ಬಳಗ ನಡೆಸುತ್ತೇನೆ. 2019ರಲ್ಲಿ ಒಬ್ಬ ಹುಡುಗನಿಗೆ ರಕ್ತ ಬೇಕೆಂದು ನನ್ನ ಸಂಖ್ಯೆ ಹಾಕಿ ಸಂದೇಶ ಬಿಟ್ಟಿದ್ದೆ. ಅವನು ಗುಣವಾಗಿ, ಮದುವೆಯಾಗಿ, ಮಗುವಿನ ನಾಮಕರಣವೂ ಮುಗಿದಿದೆ. ಸಂದೇಶ ಮಾತ್ರ ಇನ್ನೂ ಊರೂರು ಅಲೆಯುತ್ತಿದೆ. ಹೋದ ವಾರ ಬೆಳಗಿನ ಜಾವ ಮೂರು ಗಂಟೆಗೆ ಕಲಬುರಗಿಯಿಂದ ಕರೆ ಬಂತು. ದಿನಾಂಕ, ಆಸ್ಪತ್ರೆ, ರೋಗಿಯ ಕಡೆಯವರ ಸಂಖ್ಯೆ ಇಲ್ಲದ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ, ಕೈ ಮುಗಿಯುತ್ತೇನೆ.

ಇನ್ನೊಂದು ಮಾತು. ರಾತ್ರಿ ಓಡಿಬಂದು ನೀವು ಕೊಡುವ ರಕ್ತ ಸಾಮಾನ್ಯವಾಗಿ ಆ ರೋಗಿಗೆ ಏರುವುದೇ ಇಲ್ಲ. ಕಪಾಟಿನಲ್ಲಿ ಮೊದಲೇ ಇದ್ದದ್ದು ಅವನಿಗೆ ಏರುತ್ತದೆ, ನಿಮ್ಮದು ಆ ಖಾಲಿ ಜಾಗ ತುಂಬುತ್ತದೆ. ಇದನ್ನು ಹೇಳಿದರೆ "ಹಾಗಾದರೆ ನಾವು ಬರುವುದಿಲ್ಲ" ಎನ್ನುವವರೂ ಇದ್ದಾರೆ.

ಹವಾಲ್ದಾರ್_ನಿವೃತ್ತ

ಸೈನ್ಯದಲ್ಲಿ 24 ವರ್ಷ ಇದ್ದೆ. ಬೆಟ್ಟದ ನೆತ್ತಿಯ ಠಾಣ್ಯದಲ್ಲಿ ಹೆಲಿಕಾಪ್ಟರ್ ಬರುವುದಕ್ಕೆ ಹವೆ ಬಿಡದಿದ್ದಾಗ ಜವಾನನ ರಕ್ತವನ್ನು ಜವಾನನಿಗೇ ಕೊಟ್ಟದ್ದನ್ನು ಕಂಡಿದ್ದೇನೆ. ಬೆಚ್ಚಗಿನ ರಕ್ತ. ಎದ್ದು ಕುಳಿತ. ಅಲ್ಲಿ ಆಗುವುದು ಊರಿನಲ್ಲಿ ಏಕೆ ಆಗಬಾರದು ಎಂದು ಅಡಿಕೆಮಂಡಿಯವರು ಕೇಳಿದರೆ ತಪ್ಪೇನು?

ಅರಿವಳಿಕೆ

ತಪ್ಪಿಲ್ಲ ಸರ್, ಒಳ್ಳೆಯ ಪ್ರಶ್ನೆ. ನೀವು ಕಂಡದ್ದಕ್ಕೆ ನಡೆದಾಡುವ ರಕ್ತನಿಧಿ ಎಂದು ಹೆಸರು. ಬೇರೆ ದೇಶಗಳ ಸೇನೆಗಳೂ ಅದನ್ನು ನೆಚ್ಚಿಕೊಂಡಿವೆ. ಆದರೆ ಅಲ್ಲಿ ಯಾರ ಗುಂಪು ಯಾವುದು ಎಂಬುದು ಮೊದಲೇ ಗೊತ್ತಿರುತ್ತದೆ, ಜವಾನರ ಆರೋಗ್ಯ ತಪಾಸಣೆ ಕಾಲಕಾಲಕ್ಕೆ ನಡೆದಿರುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತ ನಾಲ್ವರ ಬಗ್ಗೆ ಆ ವೈದ್ಯರಿಗೆ ಏನು ಗೊತ್ತಿತ್ತು? ನಮ್ಮ ದೇಶದಲ್ಲಿ ಸೇನೆಯ ಮುಂಚೂಣಿ ನೆಲೆಗಳಿಗೆ ಇರುವ ವಿನಾಯಿತಿ ನಾಗರಿಕ ಆಸ್ಪತ್ರೆಗಳಿಗೆ ಇಲ್ಲ. ದೂರದ ಊರುಗಳ ಶಸ್ತ್ರಚಿಕಿತ್ಸಕರು ಬಹಳ ವರ್ಷಗಳಿಂದ ಅದನ್ನು ಕೇಳುತ್ತಲೇ ಇದ್ದಾರೆ. ಎಲ್ಲ ದಾರಿಯೂ ಮುಚ್ಚಿದ ಊರಿಗೆ ಒಂದು ಕಟ್ಟುನಿಟ್ಟಿನ ವಿನಾಯಿತಿ ಇರಲಿ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಲ್ಯಾಬ್‌ಕಿಟಕಿ

ನನ್ನ ಅಭಿಪ್ರಾಯ ಬೇರೆ. ದುಡ್ಡಿಗೆ ರಕ್ತ ಮಾರುತ್ತಿದ್ದ ಕಾಲವನ್ನು ನಮ್ಮ ಹಿರಿಯ ಸಹೋದ್ಯೋಗಿಗಳು ಕಂಡಿದ್ದರು. ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟ ಮೇಲೆ, 1998ರ ಜನವರಿಯಿಂದ ಅದು ನಿಂತಿತು. ವಿನಾಯಿತಿಯ ಕಿಂಡಿ ತೆರೆದರೆ ಅದರಲ್ಲಿ ಆನೆಯೇ ನುಗ್ಗುತ್ತದೆ.

ಹವಾಲ್ದಾರ್_ನಿವೃತ್ತ

ಆನೆ ನುಗ್ಗುತ್ತದೆ ಎಂದು ಇಲಿಯನ್ನೂ ಬಿಡದಿದ್ದರೆ ಹೇಗೆ ಸ್ವಾಮಿ.

ಮೊಸರುಗಡಿಗೆ

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಆಸ್ಪತ್ರೆಯಲ್ಲಿ ಯಾವಾಗಲೂ ಮೊದಲು ಗ್ಲೂಕೋಸ್ ಬಾಟಲಿ ಹಾಕುತ್ತಾರಲ್ಲ. ರಕ್ತ ಸಿಗುವವರೆಗೆ ಅದನ್ನೇ ನಾಲ್ಕಾರು ಹಾಕಿ ಸುಧಾರಿಸಲಾಗದೇ?

ಅರಿವಳಿಕೆ

ನಿಮ್ಮ ಹೆಸರಿಗೆ ತಕ್ಕ ಉತ್ತರ ಕೊಡುತ್ತೇನೆ. ಗಡಿಗೆಯಲ್ಲಿ ಒಂದು ತೂತಿದೆ, ಮೊಸರು ಸೋರುತ್ತಿದೆ. ಮೇಲಿನಿಂದ ನೀರು ಸುರಿದರೆ ಗಡಿಗೆ ತುಂಬಿದಂತೆ ಕಾಣುತ್ತದೆ. ಒಳಗಿರುವುದು ನೀರುಮಜ್ಜಿಗೆ. ಸ್ವಲ್ಪ ಹೊತ್ತಿಗೆ ಅದು ಮಜ್ಜಿಗೆಯೂ ಅಲ್ಲ.

ಎಪ್ಪತ್ತು ಕೆಜಿ ತೂಕದ ಮನುಷ್ಯನಲ್ಲಿ ಇರುವುದು ಸುಮಾರು ಐದು ಲೀಟರ್ ರಕ್ತ. ತೊಡೆಯ ಮೂಳೆ ಒಂದು ಮುರಿದರೆ ಹೊರಗೆ ಹನಿಯೂ ಕಾಣದೆ ಒಂದರಿಂದ ಒಂದೂವರೆ ಲೀಟರ್ ಮಾಂಸದೊಳಗೆ ಸೋರಬಹುದು. ಹೊಟ್ಟೆಯೊಳಗೆ ಗುಲ್ಮವೂ ಒಡೆದಿದ್ದರೆ ಹೇಳುವುದೇ ಬೇಡ. ಇಂಥವರಿಗೆ ಸಲೈನ್ ಸುರಿಯುತ್ತ ಹೋದರೆ ರಕ್ತ ಹೆಪ್ಪುಗಟ್ಟುವ ಅಂಶಗಳು ತೆಳುವಾಗುತ್ತವೆ, ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ. ಈ ಮೂರೂ ಒಂದನ್ನೊಂದು ಎಳೆದುಕೊಂಡು ಬಾವಿಗೆ ಬೀಳುತ್ತವೆ. ಮೈ ತಣ್ಣಗಾದರೆ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಸೋರುತ್ತದೆ, ಸೋರಿದರೆ ಇನ್ನಷ್ಟು ತಣ್ಣಗಾಗುತ್ತದೆ. ಅಡಿಕೆಮಂಡಿಯವರು ಹಿಡಿದಿದ್ದ ಆ ತಣ್ಣನೆಯ ಕೈ ಅದೇ.

ಅದಕ್ಕೇ ಈಗ ಕೆಂಪುಕಣವೊಂದನ್ನೇ ಕೊಡುವುದಿಲ್ಲ. ಪ್ಲಾಸ್ಮಾ, ಪ್ಲೇಟ್‌ಲೆಟ್, ಕೆಂಪುಕಣ ಮೂರನ್ನೂ ಹೆಚ್ಚು ಕಡಿಮೆ ಸಮಸಮವಾಗಿ ಕೊಡುತ್ತೇವೆ. 2015ರಲ್ಲಿ ಉತ್ತರ ಅಮೆರಿಕದ 12 ಆಸ್ಪತ್ರೆಗಳ 680 ಗಾಯಾಳುಗಳ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. ಸಮಸಮ ಕೊಟ್ಟವರಲ್ಲಿ ಮೊದಲ 24 ಗಂಟೆಯೊಳಗೆ ರಕ್ತ ಸೋರಿಯೇ ಸತ್ತವರು ಶೇ. 9.2, ಕೆಂಪುಕಣ ಎರಡು ಪಾಲು ಕೊಟ್ಟವರಲ್ಲಿ ಶೇ. 14.6. 30 ದಿನದ ಒಟ್ಟು ಸಾವಿನಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು.

ಮೊಸರುಗಡಿಗೆ

ಅರ್ಥವಾಯಿತು ಮೇಡಂ. ಇನ್ನು ಮೇಲೆ ಮಜ್ಜಿಗೆಗೆ ನೀರು ಬೆರೆಸುವಾಗ ನೀವೇ ನೆನಪಾಗುತ್ತೀರಿ.

ಕಾಲೇಜುಹಂತ

ನಾನು ಅಂತಿಮ ವರ್ಷದ ವೈದ್ಯ ವಿದ್ಯಾರ್ಥಿ. ರಕ್ತದೊತ್ತಡ 120ಕ್ಕೆ ಬರುವವರೆಗೂ ದ್ರವ ಕೊಡುತ್ತಲೇ ಇರಬೇಕಲ್ಲವೇ?

ಅರಿವಳಿಕೆ

ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಸೋರುವುದು ನಿಲ್ಲುವ ಮೊದಲೇ ಒತ್ತಡ ಏರಿಸಿದರೆ ಆಗಷ್ಟೇ ಕಟ್ಟಿದ್ದ ಹೆಪ್ಪು ಕಿತ್ತುಹೋಗುತ್ತದೆ. ಶಸ್ತ್ರಚಿಕಿತ್ಸೆಯವರೆಗೆ ಮೇಲಿನ ಒತ್ತಡ 80-90 ಇದ್ದರೆ ಸಾಕು. ತಲೆಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಈ ಲೆಕ್ಕ ಬೇರೆ, ಮಿದುಳಿಗೆ ಒತ್ತಡ ಬೇಕು. ಇನ್ನೊಂದು: ಚೀಲ ಚೀಲ ರಕ್ತ ಕೊಡುವಾಗ ಕ್ಯಾಲ್ಸಿಯಂ ಮರೆಯಬೇಡಿ. ಚೀಲದಲ್ಲಿ ರಕ್ತ ಗಟ್ಟಿಯಾಗದಂತೆ ಹಾಕಿರುವ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದೆ ಹೆಪ್ಪು ಕಟ್ಟುವುದಿಲ್ಲ, ಹೃದಯವೂ ಸೋಲುತ್ತದೆ.

ಥೇಮ್ಸ್‌ದಂಡೆ

ಲಂಡನ್ನಿನಲ್ಲಿ ತುರ್ತು ವಿಭಾಗದ ದಾದಿ, ಊರು ಹಾಸನದ ಕಡೆ. ಇಲ್ಲಿ 2012ರಿಂದ ಏರ್ ಆಂಬುಲೆನ್ಸ್ ತಂಡದವರು ಒ ಗುಂಪಿನ ಕೆಂಪುಕಣಗಳನ್ನು ತಂಪು ಪೆಟ್ಟಿಗೆಯಲ್ಲಿ ಜೊತೆಗೇ ಒಯ್ಯುತ್ತಾರೆ. ರಸ್ತೆಯಲ್ಲೇ ರಕ್ತ ಏರಿಸುತ್ತಾರೆ. ಮೊದಲ ಸಲ ನೋಡಿದಾಗ ನಮ್ಮ ಘಾಟಿ ರಸ್ತೆಗಳು ನೆನಪಾಗಿ ಕಣ್ಣು ತುಂಬಿತ್ತು.

ಒಗ್ಗರಣೆ

ನೋಡಿದಿರಾ! ಅಲ್ಲಿ ರಕ್ತವೇ ರೋಗಿಯ ಬಳಿಗೆ ಹೋಗುತ್ತದೆ, ಇಲ್ಲಿ ರೋಗಿ ರಕ್ತದ ಬಳಿಗೆ.

ಥೇಮ್ಸ್‌ದಂಡೆ

ಅಣ್ಣ, ಪೂರ್ತಿ ಕೇಳಿ. ಇದೇ ಬ್ರಿಟನ್ನಿನಲ್ಲಿ 432 ಗಾಯಾಳುಗಳ ಮೇಲೆ ಹೋಲಿಸಿ ನೋಡಿದರು. ದಾರಿಯಲ್ಲಿ ಅರ್ಧ ಜನಕ್ಕೆ ರಕ್ತ ಮತ್ತು ಒಣಗಿಸಿದ ಪ್ಲಾಸ್ಮಾ, ಇನ್ನರ್ಧ ಜನಕ್ಕೆ ಸಲೈನ್. 2022ರಲ್ಲಿ ಫಲಿತಾಂಶ ಬಂತು. ರಕ್ತವೇ ಮೇಲು ಎಂದು ಅದರಲ್ಲಿ ತೋರಿಸಲಾಗಲಿಲ್ಲ. ಚರ್ಚೆ ಇನ್ನೂ ನಡೆಯುತ್ತಿದೆ.

ಒಗ್ಗರಣೆ

ಅಕ್ಕ, ನೀವು ನನ್ನ ಕಡೆಯೋ ಅವರ ಕಡೆಯೋ?

ಅರಿವಳಿಕೆ

ಲಂಡನ್ ಬೇರೆ, ಘಾಟಿ ಬೇರೆ. ಆಸ್ಪತ್ರೆ ಹತ್ತಿರವಿದ್ದಲ್ಲಿ ದಾರಿಯಲ್ಲಿ ಕೊಟ್ಟ ರಕ್ತದಿಂದ ಹೆಚ್ಚು ಲಾಭ ಕಾಣದಿರಬಹುದು. ಮೂರು ತಾಸಿನ ದಾರಿಗೆ ಅದೇ ಲೆಕ್ಕ ಒಪ್ಪುವುದಿಲ್ಲ ಎಂದು ನನಗನಿಸುತ್ತದೆ. ನಮಗೆ ಈಗ ಕೈಗೆಟಕುವುದು ರಕ್ತಕ್ಕಿಂತ ಅಗ್ಗದ್ದು: ಟ್ರಾನೆಕ್ಸಾಮಿಕ್ ಆಸಿಡ್ ಚುಚ್ಚುಮದ್ದು. ಕಟ್ಟಿದ ಹೆಪ್ಪು ಕರಗದಂತೆ ಅದು ತಡೆಯುತ್ತದೆ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂತು, ನಮ್ಮ ದೇಶದ ಆಸ್ಪತ್ರೆಗಳೂ ಅದರಲ್ಲಿ ಇದ್ದವು. ಸಾವು ಶೇ. 16ರಿಂದ 14.5ಕ್ಕೆ ಇಳಿಯಿತು. ಮೊದಲ ಗ್ರಾಂ ಹತ್ತು ನಿಮಿಷದಲ್ಲಿ, ಎರಡನೆಯದು ಎಂಟು ಗಂಟೆಯಲ್ಲಿ ನಿಧಾನವಾಗಿ. ಆದರೆ ಗಾಯವಾಗಿ ಮೂರು ತಾಸಿನೊಳಗೇ ಶುರುವಾಗಬೇಕು, ತಡವಾದರೆ ಕೆಡುಕೇ ಹೆಚ್ಚು.

ಮಲ್ಲಿಗೆಮೊಗ್ಗು

ಇದು ಮುಟ್ಟಿನಲ್ಲಿ ಹೆಚ್ಚು ಸ್ರಾವವಾದರೆ ಕೊಡುವ ಮಾತ್ರೆಯ ಹೆಸರಲ್ಲವೇ? ನಮ್ಮ ಮನೆಯ ಡಬ್ಬಿಯಲ್ಲಿದೆ.

ಅರಿವಳಿಕೆ

ಅದೇ ಔಷಧ. ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಎಂಬ ವೈದ್ಯೆ ಮತ್ತು ಅವರ ಪತಿ, 1962ರಲ್ಲಿ. ಹೆರಿಗೆಯ ನಂತರ ರಕ್ತ ಸೋರಿ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಆಕೆಯ ಹಂಬಲವಾಗಿತ್ತು. ಆದರೆ ಅಪಘಾತದಲ್ಲಿ ಮಾತ್ರೆ ನುಂಗಿಸಬೇಡಿ. ರಕ್ತನಾಳಕ್ಕೇ ಕೊಡಬೇಕು.

ಪದಕೋಶ

ಸಣ್ಣ ತಿದ್ದುಪಡಿ. ಎಲ್ಲರೂ ರಕ್ತನಿಧಿ ಎನ್ನುತ್ತಿದ್ದೀರಿ. 2020ರ ನಿಯಮಗಳಲ್ಲಿ ಬ್ಯಾಂಕ್ ಎಂಬ ಪದವನ್ನೇ ಕೈಬಿಟ್ಟು ರಕ್ತ ಕೇಂದ್ರ ಎಂದು ಮಾಡಿದ್ದಾರೆ. ಅಂದಹಾಗೆ, ನಿಧಿ ಎಂದರೆ ಹೂತಿಟ್ಟದ್ದು ಎಂಬ ಅರ್ಥವೂ ಇದೆ.

ಘಾಟಿಚಾಲಕ

ಬೀಗ ಹಾಕಿಟ್ಟದ್ದು ಎಂದರೂ ಸರಿಯೇ. ನಮ್ಮ ಕ್ಲೀನರ್ ಹುಡುಗನಿಗೆ ಏಟಾದಾಗ ಒಂದು ಕಡೆ ಫ್ರಿಜ್ಜಿನಲ್ಲಿ ರಕ್ತ ಇತ್ತು, ಬೀಗದ ಕೈ ಇಟ್ಟುಕೊಂಡಿದ್ದವರು ಡ್ಯೂಟಿ ಮುಗಿಸಿ ಮನೆಗೆ ಹೋಗಿದ್ದರು. ಅವರ ಮನೆ ಹುಡುಕಿಕೊಂಡು ಹೋದೆ. ಪಾಪ, ಊಟದ ತಟ್ಟೆ ಬಿಟ್ಟು ಕೈತೊಳೆದು ಓಡಿಬಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮೂರು ಪಾಳಿಯ ಕೆಲಸಕ್ಕೆ ಒಬ್ಬರೇ ಎಂದರೆ ಅವರೇನು ಮಾಡಿಯಾರು?

ಲ್ಯಾಬ್‌ಕಿಟಕಿ

ಈ ಮಾತು ಬರೆದದ್ದಕ್ಕೆ ನಿಮಗೊಂದು ದೊಡ್ಡ ನಮಸ್ಕಾರ.

ಬೇವಿನಮರ

ಬಾಂಬೆ ಗುಂಪು ಎಂದು ಒಂದಿದೆಯಂತೆ, ನಿಜವೇ? ಯಾವ ರಕ್ತವೂ ಹೊಂದುವುದಿಲ್ಲವಂತೆ.

ಲ್ಯಾಬ್‌ಕಿಟಕಿ

ನಿಜ. 1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೆಂಡೆ ಅವರು ಗುರುತಿಸಿದ್ದು. ಮೇಲ್ನೋಟದ ಪರೀಕ್ಷೆಯಲ್ಲಿ ಒ ಗುಂಪಿನಂತೆಯೇ ಕಾಣುತ್ತದೆ. ಆದರೆ ಅವರಿಗೆ ಒ ರಕ್ತ ಕೊಟ್ಟರೂ ಅಪಾಯ, ಇನ್ನೊಬ್ಬ ಬಾಂಬೆ ಗುಂಪಿನವರ ರಕ್ತವೇ ಬೇಕು. ಅಂಥವರೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದಿದ್ದರು, ಕ್ರಾಸ್ ಮ್ಯಾಚ್‌ನಲ್ಲೇ ಸಿಕ್ಕಿಬಿದ್ದದ್ದು. ಮೇಡಂ ಅವರು ಅರ್ಧ ಗಂಟೆ ಏಕೆ ಎನ್ನುತ್ತಾರಲ್ಲ, ಅದಕ್ಕೆ ಹೇಳಿದೆ.

ಅರಿವಳಿಕೆ

ಹತ್ತು ಸಾವಿರದಲ್ಲಿ ಒಬ್ಬನಿಗಾಗಿ ಉಳಿದವರನ್ನು ಕಾಯಿಸಲಾಗದು. ಆದರೂ ಈ ಸುತ್ತು ನಿಮ್ಮದೇ ಇರಲಿ.

ಒಗ್ಗರಣೆ

ಪೇಟೆಯಲ್ಲಿ ಚೀಲಕ್ಕೆ ಸಾವಿರಾರು ರೂಪಾಯಿ ಕೀಳುತ್ತಾರೆ. ನಾವು ಪುಕ್ಕಟೆ ಕೊಟ್ಟದ್ದನ್ನು ಅವರು ಮಾರುತ್ತಾರೆ. ಇದಕ್ಕೇನು ಹೇಳುತ್ತೀರಿ?

ಕರೆಗಂಟೆ

ರಕ್ತಕ್ಕೆ ಬೆಲೆ ಇಲ್ಲ. ಚೀಲ, ಪರೀಕ್ಷೆ, ಬೇರ್ಪಡಿಸುವಿಕೆ, ಶೀತಲೀಕರಣ ಇವಕ್ಕೆ ಸಂಸ್ಕರಣಾ ಶುಲ್ಕ ಇದೆ. 2022ರ ಪರಿಷ್ಕರಣೆಯಂತೆ ಒಂದು ಚೀಲ ಕೆಂಪುಕಣಕ್ಕೆ ಸರ್ಕಾರಿ ಕೇಂದ್ರದಲ್ಲಿ 1100, ಖಾಸಗಿಯಲ್ಲಿ 1550 ರೂಪಾಯಿಯ ಮಿತಿ. ಅದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಪಡೆದು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ. ಇಲ್ಲಿ ಬೈದು ಏನು ಬಂತು?

ಒಗ್ಗರಣೆ

ಇಲ್ಲಿ ಬೈಯುವುದು ಪುಕ್ಕಟೆ.

ನೂರೆಂಟು

ಆಂಬುಲೆನ್ಸಿನಲ್ಲಿ ಶುಶ್ರೂಷಕ. ಎಲ್ಲರೂ ರಕ್ತ ಏರಿಸುವುದನ್ನೇ ಮಾತನಾಡುತ್ತಿದ್ದೀರಿ, ಸೋರುವುದನ್ನು ನಿಲ್ಲಿಸುವ ಮಾತನ್ನು ಒಬ್ಬರೂ ಆಡಲಿಲ್ಲ. ಗಾಯದ ಮೇಲೆ ಕಾಫಿಪುಡಿ, ಅರಿಶಿನ ಮೆತ್ತಿಕೊಂಡು ಬಂದವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ಅದರಿಂದ ರಕ್ತ ನಿಲ್ಲುವುದಿಲ್ಲ, ಗಾಯ ತೊಳೆಯುವವರಿಗೆ ಕಷ್ಟ ಹೆಚ್ಚುತ್ತದೆ. ಶುದ್ಧ ಬಟ್ಟೆ ಮಡಚಿ ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಮಿಷಕ್ಕೊಮ್ಮೆ ಎತ್ತಿ "ನಿಂತಿತೇ" ಎಂದು ನೋಡಬೇಡಿ. ತೊಡೆ ಮುರಿದಿದ್ದರೆ ಎರಡೂ ಕಾಲನ್ನು ಜೋಡಿಸಿ ಕಟ್ಟಿ. ಸೊಂಟದ ಮೂಳೆಗೆ ಏಟಾದ ಅನುಮಾನವಿದ್ದರೆ ಪಂಚೆಯನ್ನೋ ಸೀರೆಯನ್ನೋ ಸೊಂಟದ ಸುತ್ತ ಬಿಗಿಯಾಗಿ ಸುತ್ತಿ. ಕಂಬಳಿ ಹೊದಿಸಿ, ಗಾಳಿ ಬರಲಿ ಎಂದು ಕಾರಿನ ಕಿಟಕಿ ತೆರೆದು ಮೈ ತಣ್ಣಗೆ ಮಾಡಬೇಡಿ. ಬಾಯಾರಿಕೆ ಎಂದು ಅಂಗಲಾಚುತ್ತಾರೆ, ಕರುಳು ಹಿಂಡುತ್ತದೆ, ಆದರೂ ನೀರು, ಸೋಡಾ ಏನನ್ನೂ ಬಾಯಿಗೆ ಬಿಡಬೇಡಿ.

ಪೊಲೀಸರ ಭಯಕ್ಕೆ ಗಾಯಾಳುವನ್ನು ಬಿಟ್ಟು ಹೋಗುವವರಿಗೂ ಒಂದು ಮಾತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಅಡಿಕೆಮಂಡಿ

ಅಯ್ಯೋ. ನಾವು ಕಿಟಕಿ ತೆರೆದಿದ್ದೆವು. ಅರ್ಧ ಬಾಟಲಿ ನೀರನ್ನೂ ಕುಡಿಸಿದ್ದೆವು.

ನೂರೆಂಟು

ಎಲ್ಲರೂ ಹಾಗೆಯೇ ಮಾಡುತ್ತಾರೆ ಅಣ್ಣ. 40 ನಿಮಿಷದಲ್ಲಿ ಮುಟ್ಟಿಸಿದ್ದೀರಿ, ಅದು ದೊಡ್ಡದು.

ಅರಿವಳಿಕೆ

ಅಡಿಕೆಮಂಡಿಯವರೇ, ಗುಲ್ಮ ತೆಗೆದ ಮೇಲೆ ಕೆಲವು ಸೋಂಕುಗಳ ವಿರುದ್ಧ ಲಸಿಕೆ ಹಾಕಿಸಬೇಕು, ನ್ಯುಮೊಕಾಕಸ್, ಮೆನಿಂಗೊಕಾಕಸ್ ಇತ್ಯಾದಿ. ಬಿಡುಗಡೆಯ ಚೀಟಿಯಲ್ಲಿ ಬರೆದಿದ್ದಾರೆಯೇ ನೋಡಿ. ಇಲ್ಲದಿದ್ದರೆ ನಾಳೆಯೇ ಕೇಳಿ. ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರಬಾರದು.

ಅಡಿಕೆಮಂಡಿ

ಬರೆದಿಲ್ಲ. ನಾಳೆಯೇ ಹೋಗುತ್ತೇನೆ. ಇದೊಂದು ಮಾತಿಗೆ ಇಲ್ಲಿ ಬರೆದದ್ದು ಸಾರ್ಥಕ.

ಕರೆಗಂಟೆ

ನಾಲ್ವರೂ ಒಮ್ಮೆ ರಕ್ತ ಕೊಟ್ಟು ಬನ್ನಿ. ಏಪ್ರಿಲ್, ಮೇ ತಿಂಗಳು ಕಾಲೇಜಿಗೆ ರಜೆ, ಶಿಬಿರಗಳಿಲ್ಲ, ಕಪಾಟು ಬರಿದಾಗುತ್ತದೆ. ಆಮೇಲೆ ಯಾವುದೋ ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ಮುನ್ನೂರು ಚೀಲ ಬಂದು ಬೀಳುತ್ತದೆ. ಕೆಂಪುಕಣದ ಆಯುಸ್ಸು 35ರಿಂದ 42 ದಿನ, ಪ್ಲೇಟ್‌ಲೆಟ್‌ನದು ಐದೇ ದಿನ. ಹುಟ್ಟುಹಬ್ಬಗಳನ್ನು ವರ್ಷವಿಡೀ ಹಂಚಿಕೊಂಡು ಹುಟ್ಟಬಾರದೇ ಇವರು?

ಹವಾಲ್ದಾರ್_ನಿವೃತ್ತ

ನನಗೆ 61. ಕೊಡಬಹುದೇ?

ಲ್ಯಾಬ್‌ಕಿಟಕಿ

65ರವರೆಗೆ ಕೊಡಬಹುದು ಸರ್, ಹಿಂದೆ ಕೊಟ್ಟು ಅಭ್ಯಾಸವಿದ್ದರೆ. ಹಿಮೋಗ್ಲೋಬಿನ್ 12.5 ಇರಬೇಕು, ತೂಕ 45 ಕೆಜಿ ದಾಟಿರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ತಿಂಡಿ ತಿಂದು ಬನ್ನಿ, ಖಾಲಿ ಹೊಟ್ಟೆಯಲ್ಲಿ ಬಂದು ಬೀಳಬೇಡಿ.

ಅಡಿಕೆಮಂಡಿ

(ಹದಿನೆಂಟು ದಿನಗಳ ನಂತರ)

ಲಸಿಕೆ ಹಾಕಿಸಿದೆವು. ಅವನು ಗೋಡೆ ಹಿಡಿದು ಬಚ್ಚಲಿನವರೆಗೆ ನಡೆಯುತ್ತಿದ್ದಾನೆ.

ನಾಲ್ವರೂ ರಕ್ತ ಕೊಡಲು ಹೋಗಿದ್ದೆವು. ಜಂಭದಿಂದಲೇ ಹೋದೆವು ಎನ್ನಿ. ನನ್ನ ರಕ್ತದೊತ್ತಡ 160 ಬಂತು, ಮೊದಲು ಡಾಕ್ಟರಿಗೆ ತೋರಿಸಿ ಎಂದು ಎಬ್ಬಿಸಿದರು. ನನಗೆ ಒತ್ತಡ ಇರುವುದೇ ಗೊತ್ತಿರಲಿಲ್ಲ. ಚಿಕ್ಕಪ್ಪನ ಮಗ ಹೋದ ತಿಂಗಳು ಹಲ್ಲು ಕೀಳಿಸಿದ್ದನಂತೆ, ಈಗ ಬೇಡ ಎಂದರು. ಮೂರನೆಯವನಿಗೆ ಹಿಮೋಗ್ಲೋಬಿನ್ 11.9. ಒಬ್ಬನೇ ತೇರ್ಗಡೆಯಾದದ್ದು. ಗಟ್ಟಿಮುಟ್ಟಾದ ಆಳು, ಅಂದು ರಾತ್ರಿ ಎಲ್ಲರಿಗಿಂತ ಮೊದಲು ತೋಳು ಮಡಚಿ, ಡಾಕ್ಟರ ಮೇಲೆ ಕೂಗಾಡಿದವನು. ಅವನೊಬ್ಬ ಕೊಟ್ಟು, ಬಿಸ್ಕತ್ತು ತಿಂದು, ನಮ್ಮನ್ನು ದಾರಿಯುದ್ದಕ್ಕೂ ಗೇಲಿ ಮಾಡಿಕೊಂಡು ಬಂದ.

ಮೊನ್ನೆ ಅವನಿಗೆ ಅಲ್ಲಿಂದ ಕರೆ ಬಂತು, ಒಮ್ಮೆ ಬಂದು ಹೋಗಿ ಎಂದು. ಹೆಪಟೈಟಿಸ್ ಬಿ. ಅವನಿಗೂ ಗೊತ್ತಿರಲಿಲ್ಲ, ಒಂದು ದಿನ ಮಲಗಿದವನಲ್ಲ. ಅವನ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಮಂಡಿಯ ಜಗಲಿಯಲ್ಲಿ ಇಬ್ಬರೂ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ಅವನದು ಒ ಪಾಸಿಟಿವ್.

ಲ್ಯಾಬ್‌ಕಿಟಕಿಯವರೇ, ಮುಂದೇನು ಮಾಡಬೇಕು ಎಂದು ಕೇಳುತ್ತಿದ್ದಾನೆ. ಹೆಂಡತಿ, ಇಬ್ಬರು ಮಕ್ಕಳು ಇದ್ದಾರೆ.

ಲ್ಯಾಬ್‌ಕಿಟಕಿ

ಹೆದರಬೇಡಿ ಎನ್ನಿ. ಹೊಟ್ಟೆ ಮತ್ತು ಯಕೃತ್ತಿನ ತಜ್ಞರನ್ನು ಕಾಣಲಿ, ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಬೇಕಾದವರಿಗೆ ಒಳ್ಳೆಯ ಮಾತ್ರೆ ಇದೆ. ಹೆಂಡತಿ ಮಕ್ಕಳಿಗೆ ಪರೀಕ್ಷೆ ಮಾಡಿಸಿ, ಇಲ್ಲ ಎಂದು ಬಂದರೆ ಲಸಿಕೆ ಪೂರ್ತಿ ಹಾಕಿಸಲಿ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ ಬೇರೆ ಇರಲಿ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಮಕ್ಕಳನ್ನು ದೂರ ಮಾಡುವುದು ಬೇಡ. ಕುಡಿತದ ಅಭ್ಯಾಸವಿದ್ದರೆ ಇಂದೇ ಬಿಡಲಿ. ಮತ್ತೆ ನೀವು ಆ ಒತ್ತಡದ ಮಾತ್ರೆ ಶುರು ಮಾಡಿದಿರೋ ಇಲ್ಲವೋ?

ಅಡಿಕೆಮಂಡಿ

ಸೋಮವಾರ ತೋರಿಸುತ್ತೇನೆ.

ಹವಾಲ್ದಾರ್_ನಿವೃತ್ತ

ಸೋಮವಾರ ಏಕೆ, ನಾಳೆಯೇ ಹೋಗಿ. ನಾನು ನಿನ್ನೆ ಕೊಟ್ಟು ಬಂದೆ. ಎರಡು ಬಿಸ್ಕತ್ತು ಕೊಟ್ಟರು, ಕಾಫಿ ಮಾತ್ರ ನೀರು ನೀರು.

ಮೊಸರುಗಡಿಗೆ

ಸಲೈನ್ ಬೆರೆಸಿರಬೇಕು.